ಫ್ರಿಜ್ಜಿನ ಐಸ್ ಮೇಕರ್ ರಿಪೇರಿ: ಬದಿಯಡ್ಕದಲ್ಲಿ ಇಪ್ಪತ್ತಾರು ದಿನ

ಮೊದಲು ಕಂಡದ್ದು ಐಸ್ ತುಂಡುಗಳು ತೆಳ್ಳಗಾದದ್ದು. ಮೇ ತಿಂಗಳ ಕೊನೆಯ ವಾರ, ಸೆಕೆ ಇನ್ನೂ ಇಳಿದಿರಲಿಲ್ಲ. ಅಕ್ಕಪಕ್ಕ ಬಾಗಿಲಿರುವ ದೊಡ್ಡ ಫ್ರಿಜ್ಜು, ನೀರಿನ ಲೈನು ನೇರ ಜೋಡಿಸಿದ್ದು. ಪ್ಲಾಸ್ಟಿಕ್ ತಟ್ಟೆಯಲ್ಲಿ ನೀರು ಗಟ್ಟಿಯಾದ ಮೇಲೆ ಮೋಟರು ಆ ತಟ್ಟೆಯನ್ನು ಮಗುಚಿ, ತಿರುಚಿ, ಐಸನ್ನು ಕೆಳಗಿನ ಬುಟ್ಟಿಗೆ ಬೀಳಿಸುವ ಜಾತಿಯದು. ಹದಿನಾಲ್ಕು ತಿಂಗಳು ಸರಿಯಾಗಿ ನಡೆದಿತ್ತು. ಆ ವಾರ ತುಂಡುಗಳು ಅರ್ಧ ದಪ್ಪಕ್ಕೆ ಬಂದವು. ನಾಲ್ಕು ದಿನ ಕಳೆದಾಗ ಒಳಗೆ ಟೊಳ್ಳು, ಹೊರಗೆ ಸಿಪ್ಪೆ ಮಾತ್ರ. ಆಮೇಲೆ ತಟ್ಟೆ ಖಾಲಿ. ಮೋಟರು ತಿರುಗುವ ಸದ್ದು ಕೇಳುತ್ತಿತ್ತು, ನೀರು ಬೀಳುವ ಸದ್ದಿರಲಿಲ್ಲ.

ಈ ಇಳಿತದ ರೀತಿಯನ್ನು ಗಮನಿಸಿಟ್ಟುಕೊಳ್ಳಿ, ಅರ್ಧ ಪತ್ತೆ ಅದರಲ್ಲೇ ಉಂಟು. ತುಂಡು ದಿನದಿಂದ ದಿನಕ್ಕೆ ಸಣ್ಣದಾಗಿ ಕೊನೆಗೆ ನಿಂತರೆ ತೊಂದರೆ ನೀರು ಬರುವ ದಾರಿಯಲ್ಲಿ. ನಿನ್ನೆಯವರೆಗೆ ಪೂರ್ತಿ ಗಾತ್ರದ ಐಸ್ ಬಂದು ಇವತ್ತು ಒಮ್ಮೆಲೇ ನಿಂತರೆ ಸೆನ್ಸರ್, ಮೋಟರು ಅಥವಾ ಯಾರೋ ಅರಿಯದೆ ಒತ್ತಿದ 'ಐಸ್ ಆಫ್' ಬಟನ್ನಿನ ಕಡೆ ನೋಡಬೇಕು. ಆಗ ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇಪ್ಪತ್ತಾರು ದಿನದಲ್ಲಿ ಹತ್ತಾದರೂ ಉಳಿಯುತ್ತಿತ್ತು.

ಮೊದಲ ಫೋನು ಕಂಪೆನಿಯ ಸಹಾಯವಾಣಿಗೆ. ಬದಿಯಡ್ಕ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರ. ಗಡಿಯಲ್ಲಿರುವವರಿಗೆ ಇಲ್ಲಿಯೇ ಮೊದಲ ಗೋಜಲು. ಫ್ರಿಜ್ಜು ಕೊಂಡದ್ದು ಮಂಗಳೂರಿನಲ್ಲಿ, ಬಿಲ್ಲು ಕರ್ನಾಟಕದ್ದು. ಆದರೆ ದೂರು ದಾಖಲಾಗುವುದು ಪಿನ್ ಕೋಡಿನ ಲೆಕ್ಕದಲ್ಲಿ. 671ರಿಂದ ಶುರುವಾಗುವ ಕೋಡ್ ಹೇಳಿದ ಕೂಡಲೇ ದೂರು ಕೇರಳದ ಪಟ್ಟಿಗೆ ಹೋಯಿತು. ಮಂಗಳೂರಿನ ಸರ್ವೀಸ್ ಸೆಂಟರಿನವರು "ನಿಮ್ಮ ಏರಿಯಾ ನಮ್ಮದರಲ್ಲಿ ತೋರಿಸುವುದಿಲ್ಲ" ಎಂದರು. ಅಲ್ಲಿಗೂ ಇಲ್ಲಿಗೂ ಎರಡು ದಿನ ಕಳೆದು ಹೋಯಿತು. ಆದ್ದರಿಂದ ಬಿಲ್ಲು ಎಲ್ಲಿಯದ್ದಾದರೂ ಇರಲಿ, ಮನೆ ಇರುವ ಜಾಗದ ಪಿನ್ ಕೋಡಿನಲ್ಲೇ ದೂರು ಬರೆಸಿ, ದೂರಿನ ನಂಬರು ಕೇಳಿ ಪಡೆಯಿರಿ. ಫೋನು ಮಾಡುವ ಮೊದಲು ಮೂರು ಸಂಗತಿ ಕೈಯಲ್ಲಿರಲಿ: ಬಿಲ್ಲಿನ ಫೋಟೋ, ಮಾಡೆಲ್ ನಂಬರು, ಸೀರಿಯಲ್ ನಂಬರು. ಕೊನೆಯ ಎರಡು ಸಾಮಾನ್ಯವಾಗಿ ಫ್ರಿಜ್ಜಿನ ಒಳಗೋಡೆಯಲ್ಲಿ, ತರಕಾರಿ ಡಬ್ಬದ ಪಕ್ಕದ ಸ್ಟಿಕ್ಕರಿನಲ್ಲಿ ಇರುತ್ತವೆ. ಹೊರಗೆ ಅಂಟಿಸಿದ ಜಾಹೀರಾತಿನ ಸ್ಟಿಕ್ಕರಿನಲ್ಲಿ ಪೂರ್ತಿ ನಂಬರು ಇರುವುದಿಲ್ಲ, ಅದನ್ನು ನಂಬಬೇಡಿ. ವಾರಂಟಿ ಕಾರ್ಡನ್ನೂ ಓದಿಕೊಳ್ಳಿ. ದೊಡ್ಡ ಅಕ್ಷರದಲ್ಲಿ ಬರೆದ ಹತ್ತು ವರ್ಷ ಕಂಪ್ರೆಸರಿನದ್ದು. ನನ್ನ ಕಾರ್ಡಿನಲ್ಲಿ ಐಸ್ ಮೇಕರಿಗೆ ಸಿಕ್ಕುವುದು ಒಂದೇ ವರ್ಷ, ಅದು ಎರಡು ತಿಂಗಳ ಹಿಂದೆ ಮುಗಿದಿತ್ತು.

ಮೆಕ್ಯಾನಿಕ್ ಬಂದದ್ದು ಆರನೆಯ ದಿನ. ಇಪ್ಪತ್ತು ನಿಮಿಷ ಇದ್ದರು. ಟೆಸ್ಟ್ ಬಟನ್ ಒತ್ತಿದರು, ತಟ್ಟೆ ಮಗುಚಿತು, ನೀರು ಬರಲಿಲ್ಲ. "ಚೇಟ್ಟಾ, ಅಸೆಂಬ್ಲಿ ಪೂರಾ ಮಾಟ್ಟಣಂ" ಎಂದರು. ಇಡೀ ಐಸ್ ಮೇಕರ್ ಬದಲಾಯಿಸಬೇಕು, 9,400 ರೂಪಾಯಿ, ಕೂಲಿ ಬೇರೆ. ಬಂದು ನೋಡಿದ್ದಕ್ಕೆ 590 ರೂಪಾಯಿ ತೆಗೆದುಕೊಂಡರು. ನೀರಿನ ಒತ್ತಡ ಎಷ್ಟು ಎಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆದರೆ ಒಂದು ಮಾತು ಮನಸ್ಸಿನಲ್ಲಿ ಚುಚ್ಚುತ್ತಿತ್ತು: ತಟ್ಟೆ ಮಗುಚುತ್ತದೆ ಎಂದಾದರೆ ಮೋಟರಿಗೆ ಜೀವ ಉಂಟು, ಅದನ್ನು ನಡೆಸುವ ಬೋರ್ಡು ಮಾತಾಡುತ್ತಿದೆ. ಹಾಗಿರುವಾಗ ಹಾಳಾಗದ ಭಾಗಕ್ಕೆ ಒಂಬತ್ತು ಸಾವಿರ ಕೊಡುವುದು ಯಾಕೆ? ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಕರೆಂಟು, ತಂತಿ ಪರೀಕ್ಷಿಸುವ ಮಲ್ಟಿಮೀಟರ್ ತಂದೆ, 450 ರೂಪಾಯಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಖರ್ಚು ಅದು.

ಇಲ್ಲಿಂದ ಮುಂದೆ ಪರೀಕ್ಷೆ ಮಾಡಿದ ಕ್ರಮ. ಬೇರೆಯವರೂ ಇದೇ ಕ್ರಮ ಹಿಡಿದರೆ ಒಳ್ಳೆಯದು, ಯಾಕೆಂದರೆ ದುಡ್ಡಿಲ್ಲದೆ ಆಗುವ ಪರೀಕ್ಷೆಗಳು ಮೊದಲು ಬರುತ್ತವೆ.

ಫ್ರೀಜರಿನ ಚಳಿ ಸರಿ ಉಂಟೋ ಎಂದು ನೋಡಬೇಕು. ಬಾಗಿಲಿನ ಮೇಲೆ ಕಾಣುವ ಅಂಕೆ ನಾವು ಕೇಳಿದ ಚಳಿ, ಒಳಗೆ ನಿಜವಾಗಿ ಇರುವುದು ಬೇರೆ ಇರಬಹುದು. ಫ್ರೀಜರ್ ಥರ್ಮಾಮೀಟರನ್ನು ಹೆಪ್ಪುಗಟ್ಟಿದ ಎರಡು ಪೊಟ್ಟಣಗಳ ನಡುವೆ ಸಿಕ್ಕಿಸಿ ಒಂದು ರಾತ್ರಿ ಬಿಡಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಬರಬೇಕು. ಮೈನಸ್ 12ಕ್ಕಿಂತ ಮೇಲೆ ನಿಂತರೆ ಐಸ್ ಮೇಕರನ್ನು ಮುಟ್ಟಲೇ ಬೇಡಿ. ಬಾಗಿಲಿನ ರಬ್ಬರು, ಒಳಗಿನ ಫ್ಯಾನು, ಹಿಂಬದಿಯ ಧೂಳು ಇವನ್ನು ನೋಡಿ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ರಬ್ಬರಿನ ಮಡಿಕೆಯಲ್ಲಿ ಕಪ್ಪು ಬೂಸಲು ಕೂತು ಅದು ಸರಿಯಾಗಿ ಅಂಟುವುದಿಲ್ಲ. ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ, ಹಿಡಿತವಿಲ್ಲದೆ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನನ್ನದು ಮೈನಸ್ 18 ತೋರಿಸಿತು, ರಬ್ಬರೂ ಗಟ್ಟಿಯಿತ್ತು.

ಬುಟ್ಟಿಯ ಮೇಲೆ ಒಂದು ಸಣ್ಣ ಕೈ ಇರುತ್ತದೆ. ಐಸ್ ತುಂಬಿದಾಗ ಅದು ಮೇಲೆಯೇ ಉಳಿದು ಯಂತ್ರವನ್ನು ನಿಲ್ಲಿಸುತ್ತದೆ. ಬಟಾಣಿ ಪೊಟ್ಟಣವೋ ಮುದ್ದೆಯಾದ ಐಸೋ ಅದನ್ನು ಎತ್ತಿ ಹಿಡಿದಿದ್ದರೆ ಬುಟ್ಟಿ ತುಂಬಿದೆ ಎಂದೇ ಯಂತ್ರದ ತಿಳುವಳಿಕೆ. ಕರೆಂಟು ಗಂಟೆಗಟ್ಟಲೆ ಹೋಗಿ ಬಂದ ದಿನಗಳಲ್ಲಿ ಬುಟ್ಟಿಯ ಐಸ್ ಅರ್ಧ ಕರಗಿ ಮತ್ತೆ ಗಟ್ಟಿಯಾಗಿ ಒಂದೇ ಹಾಸುಗಲ್ಲಿನಂತಾಗುತ್ತದೆ. ಅಂಥ ದಿನ ಬುಟ್ಟಿಯನ್ನು ಹೊರಗೆ ತೆಗೆದು, ಪೂರ್ತಿ ಖಾಲಿ ಮಾಡಿ, ಒರಸಿ ಒಣಗಿಸಿ ಇಡಿ. ಚೂರಿ ಹಾಕಿ ಕೆತ್ತಬೇಡಿ, ಐಸನ್ನು ಮುಂದೆ ತಳ್ಳುವ ಕೆಳಗಿನ ತಿರುಪು ಮುರಿಯುತ್ತದೆ.

ನಂತರ ಫಿಲ್ಟರ್. ನನ್ನದು ಫ್ರಿಜ್ಜಿನ ಹಿಂದೆ ಲೈನಿನಲ್ಲೇ ಕೂತಿರುವ ಉದ್ದನೆಯ ಫಿಲ್ಟರ್. ಆರು ತಿಂಗಳಿಗೊಮ್ಮೆ ಬದಲಾಯಿಸಬೇಕೆಂದು ಅದರ ಮೇಲೆಯೇ ಬರೆದಿದೆ. ಹದಿನಾಲ್ಕು ತಿಂಗಳು ಮುಟ್ಟಿರಲಿಲ್ಲ, ಇದು ನನ್ನದೇ ತಪ್ಪು. ಬಿಚ್ಚಿ ನೋಡಿದರೆ ನೀರು ಒಳಬರುವ ತುದಿಯಲ್ಲಿ ಕೆಂಪು ಕೆಸರು, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪುಡಿಯಂಥದ್ದು. ಫಿಲ್ಟರ್ ಬಿಟ್ಟು ಎರಡು ಟ್ಯೂಬುಗಳನ್ನು ನೇರ ಜಾಯಿಂಟಿನಿಂದ ಕೂಡಿಸಿ ಫ್ರಿಜ್ಜಿನ ಬಾಗಿಲಿನಲ್ಲಿರುವ ನಳ್ಳಿಯಿಂದ ನೀರು ಹಿಡಿದೆ. ಮೊದಲು 10 ಸೆಕೆಂಡಿಗೆ 40 ಮಿಲಿಲೀಟರ್ ಬರುತ್ತಿದ್ದದ್ದು 90ಕ್ಕೆ ಏರಿತು. ಸಮಸ್ಯೆ ಮುಗಿಯಿತೆಂದು ಸಂತೋಷಪಟ್ಟೆ. 24 ಗಂಟೆ ಕಾದೆ. ತಟ್ಟೆ ಖಾಲಿಯೇ.

ನಳ್ಳಿಯಲ್ಲಿ ನೀರು ಬರುತ್ತದೆ, ತಟ್ಟೆಗೆ ಬರುವುದಿಲ್ಲ ಎಂದರೆ ನಡುವೆ ಎಲ್ಲೋ ಕಟ್ಟಿದೆ. ಪ್ಲಗ್ ತೆಗೆದು, ಐಸ್ ಮೇಕರಿನ ಎರಡು ಸ್ಕ್ರೂ ಬಿಚ್ಚಿ, ವಯರಿನ ಕನೆಕ್ಟರಿನ ಕೊಂಡಿ ಒತ್ತಿ ಎಳೆದು, ಯಂತ್ರವನ್ನು ಹೊರಗೆ ತೆಗೆದೆ. ಕನೆಕ್ಟರನ್ನು ವಯರು ಹಿಡಿದು ಎಳೆಯಬಾರದು, ಚಳಿಗೆ ಪ್ಲಾಸ್ಟಿಕ್ ಗಾಜಿನಂತಾಗಿರುತ್ತದೆ. ಬಾಗಿಲು ತೆರೆದಿಟ್ಟು ಹದಿನೈದು ನಿಮಿಷ ಬಿಟ್ಟರೆ ಸಲೀಸು. ಹಿಂಗೋಡೆಯಿಂದ ಬಂದು ತಟ್ಟೆಯ ಮೇಲೆ ಬಾಯಿ ಬಿಡುವ ಟ್ಯೂಬಿನ ಒಳಗೆ ಟಾರ್ಚು ಹಾಕಿದರೆ ಬಿಳಿ ಐಸಿನ ಬಿರಡೆ. ಬೆರಳಿನಷ್ಟು ಉದ್ದ.

ಇದನ್ನು ಕರಗಿಸಲು 20 ಮಿಲಿಲೀಟರಿನ ಸಿರಿಂಜಿಗೆ ತೆಳ್ಳನೆಯ ಟ್ಯೂಬು ಸಿಕ್ಕಿಸಿ, ಕೈಗೆ ಹಿತವಾಗುವಷ್ಟು ಬಿಸಿನೀರನ್ನು ಐಸಿಗೆ ತಾಗುವಂತೆ ಚಿಮ್ಮಿಸಬೇಕು. ಕೆಳಗೆ ಒಂದು ಪಾತ್ರೆ, ಸುತ್ತ ಬಟ್ಟೆ. ಹನ್ನೆರಡು ಸಲ ಚಿಮ್ಮಿಸಿದ ಮೇಲೆ ಬಿರಡೆ ಜಾರಿ ಬಿತ್ತು. ಕುದಿಯುವ ನೀರು ಬೇಡ, ತಂತಿ ಚುಚ್ಚುವುದು ಬೇಡ. ಕೂದಲು ಒಣಗಿಸುವ ಯಂತ್ರ ಬಳಸುವುದಾದರೆ ಕಡಿಮೆ ಬಿಸಿಯಲ್ಲಿ, ದೂರ ಹಿಡಿದು, ನೀರು ತಾಗದಂತೆ. ಪೂರಾ ಜೋಡಿಸಿ ಟೆಸ್ಟ್ ಬಟನ್ ಒತ್ತಿದೆ. ತಟ್ಟೆ ಮಗುಚಿ ಸ್ವಸ್ಥಾನಕ್ಕೆ ಬಂತು, ನೀರು ಬಿತ್ತು. ಮರುದಿನ ಬೆಳಿಗ್ಗೆ ಐಸ್. ಮೂರನೆಯ ದಿನ ಮತ್ತೆ ಅದೇ ಬಿರಡೆ.

ಹೆಚ್ಚಿನವರು ಸೋತು ಕೈಬಿಡುವುದು ಇಲ್ಲಿ. ಟ್ಯೂಬು ಕರಗಿಸಿದರೆ ಎರಡು ದಿನ ನಡೆಯುತ್ತದೆ, ಮತ್ತೆ ನಿಲ್ಲುತ್ತದೆ, ಆಗ ಯಂತ್ರವೇ ಸರಿಯಿಲ್ಲ ಎಂಬ ತೀರ್ಮಾನ. ನನಗೂ ಆ ದಿನ 9,400 ಕೊಟ್ಟು ಬಿಡೋಣ ಅನ್ನಿಸಿತ್ತು. ಆದರೆ ಟ್ಯೂಬಿನಲ್ಲಿ ಐಸ್ ಕಟ್ಟಬೇಕಾದರೆ ಅಲ್ಲಿ ನೀರು ನಿಲ್ಲಬೇಕು. ಸರಿಯಿರುವ ಯಂತ್ರದಲ್ಲಿ ನೀರು ಕೆಲವು ಸೆಕೆಂಡು ರಭಸದಿಂದ ಬಿದ್ದು, ಆಮೇಲೆ ಟ್ಯೂಬು ಬರಿದಾಗುತ್ತದೆ. ಬರಿದಾದ ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಏನೂ ಇರುವುದಿಲ್ಲ. ಹಾಗಾದರೆ ನೀರನ್ನು ಬಿಟ್ಟು ತಡೆಯುವ, ಈಗ ಮುಚ್ಚಿರಬೇಕಾದ ವಾಲ್ವಿನಿಂದ ಹನಿ ಹನಿಯಾಗಿ ನೀರು ಜಿನುಗುತ್ತಿದೆ.

ವಾಲ್ವು ಇರುವುದು ಫ್ರಿಜ್ಜಿನ ಹಿಂದೆ, ಕೆಳಗಡೆ, ರಟ್ಟಿನ ಮುಚ್ಚಳದ ಒಳಗೆ. ಒಂದು ಕಡೆಯಿಂದ ನೀರು ಬರುತ್ತದೆ, ಇನ್ನೊಂದು ಕಡೆಯಿಂದ ಎರಡು ಟ್ಯೂಬು ಹೊರಡುತ್ತವೆ: ಒಂದು ಬಾಗಿಲಿನ ನಳ್ಳಿಗೆ, ಒಂದು ಐಸಿಗೆ. ಪ್ರತಿಯೊಂದಕ್ಕೂ ಒಂದೊಂದು ಕಾಯಿಲ್, ಎಂದರೆ ಕರೆಂಟು ಬಂದಾಗ ವಾಲ್ವನ್ನು ತೆರೆಯುವ ತಂತಿಯ ಸುರುಳಿ. ಪರೀಕ್ಷೆ ಬಹಳ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಪ್ಲಗ್ ತೆಗೆಯಿರಿ. ಐಸಿಗೆ ಹೋಗುವ ಟ್ಯೂಬನ್ನು ವಾಲ್ವಿನಿಂದ ಬಿಚ್ಚಿ, ಅಲ್ಲಿಗೆ ಒಂದು ತುಂಡು ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ಒಣಗಿದ ಲೋಟಕ್ಕೆ ಬಿಡಿ. ನೀರಿನ ನಳ್ಳಿ ತೆರೆದಿರಲಿ. ಕರೆಂಟಿಲ್ಲದ ವಾಲ್ವು ಪೂರ್ತಿ ಮುಚ್ಚಿರಬೇಕು, ಅರ್ಧ ಗಂಟೆ ಕಾದರೂ ಲೋಟ ಒಣಗಿಯೇ ಇರಬೇಕು.

ನನ್ನ ಲೋಟಕ್ಕೆ ಸುಮಾರು 40 ಸೆಕೆಂಡಿಗೊಂದು ಹನಿ ಬೀಳುತ್ತಿತ್ತು. ಲೆಕ್ಕ ಹಾಕಿ: ಗಂಟೆಗೆ 90 ಹನಿ. 20 ಹನಿಗೆ ಒಂದು ಮಿಲಿಲೀಟರ್ ಹಿಡಿದರೆ ಗಂಟೆಗೆ ನಾಲ್ಕೂವರೆ, ದಿನಕ್ಕೆ 108 ಮಿಲಿಲೀಟರ್. ಒಂದು ತಟ್ಟೆ ತುಂಬುವಷ್ಟು ನೀರು ಪ್ರತಿದಿನ ಇರುವೆಯ ಸಾಲಿನಂತೆ ಹತ್ತಿ ಹೋಗಿ, ಮೈನಸ್ 18ರ ಬಾಯಿಯಲ್ಲಿ ಗಟ್ಟಿಯಾಗುತ್ತಿತ್ತು. ಎರಡು ವಾರದ ಗೊಂದಲ ಆ ಒಂದು ಲೋಟದಲ್ಲಿ ತಿಳಿಯಾಯಿತು.

ಮಲ್ಟಿಮೀಟರಿನಲ್ಲಿ ಕಾಯಿಲ್ ಸರಿಯೆಂದು ತೋರಿಸಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಎರಡೂ ಕಾಯಿಲುಗಳ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಒಂದಕ್ಕೊಂದು ಹತ್ತಿರವೇ ಇತ್ತು. ಮೀಟರು ಹೇಳುವುದು ಕಾಯಿಲಿನ ತಂತಿ ತುಂಡಾಗಿಲ್ಲ ಎಂಬಷ್ಟೇ. ವಾಲ್ವು ಮುಚ್ಚುತ್ತದೋ ಇಲ್ಲವೋ ಎಂಬುದನ್ನು ಲೋಟವೇ ಹೇಳಬೇಕು.

ವಾಲ್ವಿನ ಬಾಯಿಯಲ್ಲಿ ಒಂದು ಸಣ್ಣ ಬಲೆ ಇರುತ್ತದೆ. ಇಕ್ಕುಳದಿಂದ ಮೆಲ್ಲಗೆ ಎಳೆದರೆ ಬರುತ್ತದೆ. ಅದರಲ್ಲಿ ಅದೇ ಕೆಂಪು ಕೆಸರು. ಗಟ್ಟಿ ನೀರಿರುವ ಊರುಗಳವರು ವಿನೆಗರ್ ಹಾಕಿ ಸುಣ್ಣದ ಪೊರೆ ತೆಗೆಯುವುದನ್ನು ಹೇಳಿಕೊಡುತ್ತಾರೆ. ನಮ್ಮ ಮುರಕಲ್ಲಿನ ಬಾವಿಯ ನೀರು ಮೆದು, ಸ್ವಲ್ಪ ಹುಳಿ ಸ್ವಭಾವದ್ದು; ಸುಣ್ಣ ಕಟ್ಟುವುದು ಅಪರೂಪ. ನಮ್ಮ ಶತ್ರು ಕಬ್ಬಿಣ ಮತ್ತು ನುಣ್ಣನೆಯ ಮಣ್ಣು. ನಿಮ್ಮ ನೀರಲ್ಲಿ ಕಬ್ಬಿಣ ಉಂಟೋ ಎಂದು ನೋಡಲು ಪೇರಳೆ ಎಲೆ ಜಜ್ಜಿ ಒಂದು ಲೋಟ ನೀರಿಗೆ ಹಾಕಿ ಬಿಡಿ. ನೀರು ನೇರಳೆ ಕಪ್ಪಿಗೆ ತಿರುಗಿದರೆ ಉಂಟು. ಎಲೆಯ ಒಗರು ಕಬ್ಬಿಣದ ಜೊತೆ ಸೇರಿದಾಗ ಆಗುವ ಬಣ್ಣ ಅದು. ಅಡಿಕೆಯ ಒಗರಿಗೂ ಇದೇ ಗುಣ. ನನ್ನ ಲೋಟ ಕಾಲು ಗಂಟೆಯಲ್ಲಿ ಮಸಿಯ ಬಣ್ಣಕ್ಕೆ ಬಂತು. ಕೆಂಪು ಪೊರೆ ತೆಗೆಯಲು ಸಿಟ್ರಿಕ್ ಆಮ್ಲ ಚೆನ್ನಾಗಿ ಕೆಲಸ ಮಾಡುತ್ತದೆ: ಒಂದು ಲೀಟರ್ ಉಗುರು ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ. ಬಲೆಯನ್ನು ಅದರಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೊಳೆದೆ. ವಾಲ್ವಿನ ಒಳಗಿನ ರಬ್ಬರಿನ ಮೇಲೆ ಕೂತ ಕಣಗಳನ್ನು ಮಾತ್ರ ತೆಗೆಯಲಾಗಲಿಲ್ಲ. ನನ್ನದು ಬಿಚ್ಚಲು ಬಾರದ ಹಾಗೆ ಅಚ್ಚು ಹಾಕಿದ ವಾಲ್ವು. ಹೊಸತೇ ಬೇಕಾಯಿತು.

ವಾಲ್ವು ತರಿಸಿದ ಕಥೆಯಲ್ಲಿ ಹನ್ನೊಂದು ದಿನ ಹೋಯಿತು. ಮಂಗಳೂರಿನ ಬಿಡಿಭಾಗದ ಅಂಗಡಿಗಳಲ್ಲಿ ವಾಷಿಂಗ್ ಮೆಷಿನ್ನಿನ ವಾಲ್ವು ಬೇಕಾದಷ್ಟು, ಫ್ರಿಜ್ಜಿನದ್ದು ಇಲ್ಲ. ಆನ್‌ಲೈನಿನಲ್ಲಿ ತರಿಸಿದೆ. ಮೊದಲು ಬಂದದ್ದು ಒಂದೇ ಕಾಯಿಲಿನದ್ದು. ಫೋಟೋದಲ್ಲಿ ಒಂದು ಬದಿ ಮಾತ್ರ ಕಾಣುತ್ತಿತ್ತು, ನಾನು ಕೇಳಿ ಖಚಿತ ಮಾಡಿಕೊಳ್ಳಲಿಲ್ಲ. ವಾಪಸು ಕಳಿಸಲು 140 ರೂಪಾಯಿ. ಆಗಲೇ ಮಳೆ ಹಿಡಿದಿತ್ತು, ಕೊರಿಯರಿನವರು ಒಳದಾರಿಗೆ ಬರದೆ ಪೇಟೆಯಿಂದ ಬಂದು ತೆಗೆದುಕೊಳ್ಳಿ ಎಂದರು. ನೀವು ತರಿಸುವಾಗ ಹಳೆಯ ವಾಲ್ವಿನ ಮೇಲೆ ಅಚ್ಚಾದ ನಂಬರಿನ ಫೋಟೋ ಮಾರುವವರಿಗೆ ಕಳಿಸಿ, ನಾಲ್ಕು ಸಂಗತಿ ಬರೆಯಿಸಿ ಪಡೆಯಿರಿ: ವೋಲ್ಟೇಜು, ಕಾಯಿಲಿನ ಸಂಖ್ಯೆ, ಟ್ಯೂಬಿನ ದಪ್ಪ, ಕನೆಕ್ಟರಿನ ಆಕಾರ. ಕೆಲವು ಫ್ರಿಜ್ಜುಗಳಲ್ಲಿ ವಾಲ್ವು 220–240 ವೋಲ್ಟಿನದು, ಕೆಲವದರಲ್ಲಿ 12 ವೋಲ್ಟು ಡಿಸಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಅದಲು ಬದಲಾದರೆ ಕಾಯಿಲ್ ಸುಡುತ್ತದೆ ಅಥವಾ ತೆರೆಯುವುದೇ ಇಲ್ಲ. ಸರಿಯಾದದ್ದು ಬಂದಾಗ 1,250 ರೂಪಾಯಿ ಆಯಿತು.

ಕಾಯುವ ಆ ದಿನಗಳಲ್ಲಿ ಫ್ರಿಜ್ಜಿನ ಜೊತೆ ಕೊಟ್ಟ ಪುಸ್ತಕವನ್ನು ಮೊದಲಿನಿಂದ ಓದಿದೆ. ನೀರಿನ ಒತ್ತಡ 20ರಿಂದ 120 ಪಿಎಸ್‌ಐ ಇರಬೇಕು ಎಂದು ಅದರಲ್ಲಿ ಸಣ್ಣ ಅಕ್ಷರದಲ್ಲಿತ್ತು. ಈ ಬರಹದಲ್ಲಿ ಒಂದೇ ಸಾಲು ಓದುವುದಾದರೆ ಇದನ್ನು ಓದಿ. ಪಿಎಸ್‌ಐ ಎಂದರೆ ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡು ಎಂದು. ತಾರಸಿಯ ಟ್ಯಾಂಕಿನಿಂದ ಬರುವ ನೀರಿಗೆ ಎತ್ತರವೇ ಒತ್ತಡ. 10 ಮೀಟರ್ ಎತ್ತರಕ್ಕೆ ಸುಮಾರು 14 ಪಿಎಸ್‌ಐ. ನಮ್ಮ ಮನೆ ಒಂದೇ ಅಂತಸ್ತಿನದು. ಟ್ಯಾಂಕಿನ ನೀರಿನ ಮಟ್ಟಕ್ಕೂ ಫ್ರಿಜ್ಜಿನ ಹಿಂದೆ ಕೆಳಗಿರುವ ವಾಲ್ವಿಗೂ ನಡುವೆ ನಾಲ್ಕೂವರೆ ಮೀಟರ್. ಅಂದರೆ ಆರು ಪಿಎಸ್‌ಐಗಿಂತ ಸ್ವಲ್ಪ ಹೆಚ್ಚು. 20 ಬೇಕಾದರೆ ಟ್ಯಾಂಕು 14 ಮೀಟರ್ ಮೇಲೆ, ಬೆಳೆದ ತೆಂಗಿನ ಮರದ ತುದಿಯಲ್ಲಿ ಇರಬೇಕು.

ಒತ್ತಡ ಕಡಿಮೆಯಾದರೆ ಎರಡು ರೀತಿಯಲ್ಲಿ ಪೆಟ್ಟು. ನನ್ನ ಫ್ರಿಜ್ಜಿನಂಥವುಗಳಲ್ಲಿ ವಾಲ್ವು ತೆರೆದಿರುವುದು ಗೊತ್ತುಪಡಿಸಿದ ಕೆಲವು ಸೆಕೆಂಡು ಮಾತ್ರ. ಎಷ್ಟು ನೀರು ಬಂತೆಂದು ಅಳೆಯುವುದಿಲ್ಲ, ಹೊತ್ತು ನೋಡಿ ಮುಚ್ಚುತ್ತದೆ. ನೀರು ನಿಧಾನವಾಗಿ ಬಂದರೆ ತಟ್ಟೆ ಅರ್ಧವೇ ತುಂಬುತ್ತದೆ. ತುಂಡು ತೆಳ್ಳಗಾದದ್ದು ಇದರಿಂದ. ಎರಡನೆಯದು ಇನ್ನೂ ಮುಖ್ಯ. ಇಂಥ ವಾಲ್ವಿನ ಒಳಗಿನ ರಬ್ಬರಿನ ಪದರವನ್ನು ಒತ್ತಿ ಹಿಡಿದು ಮುಚ್ಚುವ ಬಲವೇ ಹಿಂದಿನಿಂದ ಬರುವ ನೀರಿನ ಒತ್ತಡ. ಸ್ಪ್ರಿಂಗು ಇದ್ದರೂ ಅದು ಸಹಾಯಕ್ಕೆ ಮಾತ್ರ. ಒತ್ತಡ ಸಾಲದಿದ್ದರೆ ರಬ್ಬರು ಬಿಗಿಯಾಗಿ ಕೂರುವುದಿಲ್ಲ. ಒಂದು ಮಣ್ಣಿನ ಕಣ ಸಿಕ್ಕಿದರೂ ಸಾಕು, ಜಿನುಗು ಶುರು. ಹೊಸತರಲ್ಲಿ ರಬ್ಬರು ನುಣುಪಾಗಿತ್ತು, ಫಿಲ್ಟರು ಚೊಕ್ಕವಿತ್ತು, ಅದಕ್ಕೇ ಹದಿನಾಲ್ಕು ತಿಂಗಳು ಹೇಗೋ ದಾಟಿತು. ಫ್ರಿಜ್ಜು ಕೂರಿಸಲು ಬಂದವರು ಆ ದಿನ ಒತ್ತಡದ ಮಾತನ್ನು ಎತ್ತಿರಲಿಲ್ಲ. ಹೊಸ ವಾಲ್ವನ್ನು ಇದೇ ನೀರಿಗೆ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತಿತ್ತು. 9,400ರ ಅಸೆಂಬ್ಲಿ ಹಾಕಿಸಿದ್ದರೂ ಹಾಗೆಯೇ.

ಆದ್ದರಿಂದ ಪಂಪು. ಮನೆಯ ನೀರು ಶುದ್ಧೀಕರಿಸುವ ಆರ್‌ಒ ಯಂತ್ರದೊಳಗೆ ಇರುವ 24 ವೋಲ್ಟಿನ ಸಣ್ಣ ಬೂಸ್ಟರ್ ಪಂಪು ಇದಕ್ಕೆ ಸಾಕು. ಆರ್‌ಒ ರಿಪೇರಿ ಮಾಡುವವರ ಹತ್ತಿರ ಸಿಗುತ್ತದೆ. ಜೋಡಿಸುವ ಕ್ರಮ ಹೀಗೆ: ಟ್ಯಾಂಕಿನ ಲೈನಿನಿಂದ ಬಂದು ಮೊದಲು ಮುಚ್ಚುವ ನಳ್ಳಿ, ಆಮೇಲೆ 5 ಮೈಕ್ರಾನಿನ ನೂಲಿನ ಫಿಲ್ಟರ್, ನಂತರ ನೀರಿಲ್ಲದಾಗ ಪಂಪನ್ನು ನಿಲ್ಲಿಸುವ ಲೋ ಪ್ರೆಶರ್ ಸ್ವಿಚ್ಚು, ಪಂಪು, ಅದರ ಮುಂದೆ ಒತ್ತಡ ತುಂಬಿದಾಗ ನಿಲ್ಲಿಸುವ ಹೈ ಪ್ರೆಶರ್ ಸ್ವಿಚ್ಚು, ಕೊನೆಗೆ ಫ್ರಿಜ್ಜಿನ ಫಿಲ್ಟರ್. ಎರಡೂ ಸ್ವಿಚ್ಚುಗಳನ್ನು ಪಂಪಿನ ಒಂದು ವಯರಿನಲ್ಲಿ ಒಂದರ ಹಿಂದೆ ಒಂದು ಸೇರಿಸಬೇಕು. ಪಂಪು, ಅಡಾಪ್ಟರು, ಎರಡು ಸ್ವಿಚ್ಚು ಸೇರಿ 2,350 ರೂಪಾಯಿ. ನೂಲಿನ ಫಿಲ್ಟರಿನ ಡಬ್ಬ, ಅದರೊಳಗೆ ಹಾಕುವ ನೂಲಿನ ಎರಡು ಕಾಟ್ರಿಜ್ 780.

ಲೋ ಪ್ರೆಶರ್ ಸ್ವಿಚ್ಚು ಬೇಡ ಎಂದು ಬಿಡಬೇಡಿ. ಮಳೆಗಾಲದಲ್ಲಿ ಕರೆಂಟಿಲ್ಲದೆ ಟ್ಯಾಂಕು ಖಾಲಿಯಾಗುವುದು ನಮ್ಮಲ್ಲಿ ಇದ್ದದ್ದೇ. ಕರೆಂಟು ಬಂದ ಕೂಡಲೇ ಪಂಪು ಒಣಗಿದ ಹೊಟ್ಟೆಯಲ್ಲಿ ತಿರುಗಿದರೆ ಅದರ ಒಳಗಿನ ರಬ್ಬರು ಹೆಚ್ಚು ದಿನ ಬಾಳುವುದಿಲ್ಲ. ಆದರೆ ಕೊಳ್ಳುವಾಗ ಒಂದು ಎಚ್ಚರ: ತಾರಸಿಯ ಟ್ಯಾಂಕಿನ ಕಡಿಮೆ ಒತ್ತಡಕ್ಕೇ ಸೇರಿಕೊಳ್ಳುವ ಸ್ವಿಚ್ಚು ಬೇಕೆಂದು ಹೇಳಿ ಪಡೆಯಿರಿ. ಇಲ್ಲವಾದರೆ ಟ್ಯಾಂಕು ತುಂಬಿದ್ದರೂ ಪಂಪು ಏಳುವುದಿಲ್ಲ.

ಜೋಡಿಸಿದ ಮೊದಲ ಸಂಜೆ ಇನ್ನೊಂದು ತೊಡಕು. ಪಂಪು ಅರ್ಧ ಸೆಕೆಂಡು ಓಡುವುದು, ನಿಲ್ಲುವುದು, ಮತ್ತೆ ಓಡುವುದು, ಕಟಕಟ ಸದ್ದು. ಸಣ್ಣ ಟ್ಯೂಬಿನಲ್ಲಿ ಹಿಡಿಯುವ ನೀರು ಬಹಳ ಕಮ್ಮಿ, ಒಂದು ಗುಟುಕು ಹೋದರೂ ಒತ್ತಡ ಇಳಿಯುತ್ತದೆ. ಇದಕ್ಕೆ ಮದ್ದು ಆರ್‌ಒ ಯಂತ್ರಗಳಲ್ಲಿ ಬಳಸುವ ಗಾಳಿ ತುಂಬಿದ ಒತ್ತಡದ ಟ್ಯಾಂಕು. ಪಂಪಿನ ಮುಂದೆ ಒಂದು 'ಟಿ' ಜಾಯಿಂಟು ಹಾಕಿ ಅದನ್ನು ಸೇರಿಸಿದೆ, 1,500 ರೂಪಾಯಿ. ಅದರ ತಳದಲ್ಲಿ ಸ್ಕೂಟರಿನ ಚಕ್ರಕ್ಕಿರುವಂಥ ಗಾಳಿಯ ಬಾಯಿ ಇರುತ್ತದೆ. ಪಂಪು ಶುರುವಾಗುವ ಒತ್ತಡಕ್ಕಿಂತ ಗಾಳಿ ಸ್ವಲ್ಪ ಕಡಿಮೆ ಇರಬೇಕು. ನನ್ನ ಸ್ವಿಚ್ಚು 45 ಪಿಎಸ್‌ಐಗೆ ನಿಲ್ಲಿಸಿ 30ಕ್ಕೆ ಶುರು ಮಾಡುತ್ತದೆ, ಹಾಗಾಗಿ ಟ್ಯಾಂಕಿನ ನೀರು ಪೂರ್ತಿ ಖಾಲಿ ಮಾಡಿ 27ರಷ್ಟು ಗಾಳಿ ಹಿಡಿಸಿದೆ. ನೀರು ತುಂಬಿರುವಾಗ ಅಳೆದರೆ ಅಂಕೆ ತಪ್ಪು ಬರುತ್ತದೆ. ಆಮೇಲೆ ಕಟಕಟ ನಿಂತಿತು.

ಟ್ಯೂಬಿನ ವಿಷಯ. ಕಾಲು ಇಂಚಿನ ಪ್ಲಾಸ್ಟಿಕ್ ಟ್ಯೂಬನ್ನು ಕತ್ತರಿಯಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಓರೆಯಾಗುತ್ತದೆ, ಜಾಯಿಂಟಿನಲ್ಲಿ ಸೋರುತ್ತದೆ. ಹೊಸ ಬ್ಲೇಡಿನಿಂದ ನೇರ ಕತ್ತರಿಸಿ. ತುದಿಯಿಂದ ಒಂದೂವರೆ ಸೆಂಟಿಮೀಟರಿಗೆ ಪೆನ್ನಿನ ಗೆರೆ ಎಳೆದು, ಆ ಗೆರೆ ಜಾಯಿಂಟಿನ ಒಳಗೆ ಮುಳುಗುವವರೆಗೆ ಒತ್ತಿ. ಮೊದಲು ತಡೆದಂತಾಗುತ್ತದೆ, ಅದು ಅರ್ಧ ದಾರಿ. ಇನ್ನೂ ಒತ್ತಿದರೆ ಸರಿಯಾಗಿ ಕೂರುತ್ತದೆ. ಬಿಚ್ಚುವಾಗ ಸುತ್ತಲಿನ ಬಳೆಯನ್ನು ಒಳಕ್ಕೆ ಒತ್ತಿ ಹಿಡಿದು ಎಳೆಯಬೇಕು. ಇನ್ನೊಂದು, ಇಲಿ. ಅಡಿಕೆ, ತೆಂಗು ಇರುವ ಮನೆಗಳಲ್ಲಿ ಫ್ರಿಜ್ಜಿನ ಹಿಂದೆ ಬೆಚ್ಚಗಿರುವ ಜಾಗ ಇಲಿಗೆ ಬಹಳ ಇಷ್ಟ. ನನ್ನ ಹಳೆಯ ಟ್ಯೂಬಿನಲ್ಲಿ ಎರಡು ಕಡೆ ಹಲ್ಲಿನ ಗುರುತಿತ್ತು. ಆರು ಪಿಎಸ್‌ಐಗೆ ತಡೆದದ್ದು ನಲವತ್ತೈದಕ್ಕೆ ಒಡೆದು, ರಾತ್ರಿಯಿಡೀ ಪಂಪು ಓಡಿ ಅಡಿಗೆಕೋಣೆ ಕೆರೆಯಾಗುತ್ತಿತ್ತು. ಟ್ಯೂಬು ಪೂರ್ತಿ ಹೊಸತು ಹಾಕಿ, ಅದನ್ನು ಅರ್ಧ ಇಂಚಿನ ಪಿವಿಸಿ ಪೈಪಿನೊಳಗೆ ತೂರಿಸಿ ಗೋಡೆಗೆ ಕ್ಲಿಪ್ಪು ಹೊಡೆದೆ. ಟ್ಯೂಬು, ಜಾಯಿಂಟು ಸೇರಿ 260 ರೂಪಾಯಿ. ಮೊದಲ ಎರಡು ರಾತ್ರಿ ಪಂಪಿನ ಪ್ಲಗ್ ತೆಗೆದು, ಪ್ರತಿ ಜಾಯಿಂಟಿನ ಕೆಳಗೆ ಹಳೆಯ ಪತ್ರಿಕೆಯ ತುಂಡು ಇಟ್ಟು ಮಲಗಿದೆ. ಕಾಗದ ಒದ್ದೆಯಾದರೆ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ.

ಹೊಸ ವಾಲ್ವು ಕೂರಿಸಿ ಮತ್ತೆ ಲೋಟದ ಪರೀಕ್ಷೆ. ಒಂದು ಗಂಟೆ, ಒಂದು ಹನಿಯೂ ಇಲ್ಲ. ಫ್ರಿಜ್ಜಿಗೆ ಹೊಸ ಫಿಲ್ಟರು, 1,900 ರೂಪಾಯಿ. ಬಾಗಿಲಿನ ನಳ್ಳಿಯಿಂದ ಎಂಟು ಲೀಟರ್ ನೀರು ಹರಿಸಿದೆ. ಮೊದಲು ಫಿಲ್ಟರಿನ ಇದ್ದಿಲ ಪುಡಿಯಿಂದ ಕಪ್ಪು, ಆಮೇಲೆ ಗಾಳಿಗೆ ಉಗುಳುತ್ತಾ ಬಂದು, ಕೊನೆಗೆ ನೀರು ಒಂದೇ ಎಳೆಯಾಗಿ ಸುರಿಯಿತು. 10 ಸೆಕೆಂಡಿಗೆ 210 ಮಿಲಿಲೀಟರ್. ಈ ಗಾಳಿ ತೆಗೆಯದೆ ಐಸ್ ಮೇಕರನ್ನು ಶುರು ಮಾಡಿದರೆ ಮೊದಲ ಕೆಲವು ತಟ್ಟೆ ಅರ್ಧ ತುಂಬಿ, ರಿಪೇರಿ ಫಲ ಕೊಡಲಿಲ್ಲ ಎಂದು ಸುಮ್ಮನೆ ಎದೆ ಒಡೆಯುತ್ತದೆ. ತಟ್ಟೆಗೆ ಬೀಳುವ ನೀರನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ ಕೆಲವು ಮಾಡೆಲುಗಳಲ್ಲಿ ಉಂಟು. ಒತ್ತಡ ಸರಿಮಾಡುವ ಮೊದಲು ಅದನ್ನು ಮುಟ್ಟಬೇಡಿ. ಮೊದಲೇ ಹೆಚ್ಚಿಸಿಟ್ಟರೆ, ಒತ್ತಡ ಸರಿಯಾದ ಮೇಲೆ ನೀರು ಉಕ್ಕಿ ಬುಟ್ಟಿಯ ಐಸ್ ಮುದ್ದೆಯಾಗುತ್ತದೆ.

ಐಸ್ ಮೇಕರನ್ನು ಮತ್ತೆ ಜೋಡಿಸುವ ಮೊದಲು ತಟ್ಟೆಯ ಕೆಳಗಿನ ತಾಪದ ಸೆನ್ಸರನ್ನೂ ಒಮ್ಮೆ ನೋಡಿದೆ, ಹೇಗೂ ಬಿಚ್ಚಿತ್ತಲ್ಲ. ಕೋಣೆಯ ಸೆಕೆಯಲ್ಲಿ ಒಂದು ರೀಡಿಂಗು, ಆಮೇಲೆ ಸೆನ್ಸರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸ್ ನೀರಿನಲ್ಲಿ ಐದು ನಿಮಿಷ ಮುಳುಗಿಸಿ ಇನ್ನೊಂದು. ಚಳಿಯಾದಷ್ಟೂ ರೆಸಿಸ್ಟೆನ್ಸ್ ಏರಬೇಕು, ಐಸ್ ನೀರಿನಲ್ಲಿ ಸುಮಾರು ಮೂರು ಪಟ್ಟು. ಅಂಕೆ ಕದಲದೆ ನಿಂತರೆ ಅಥವಾ ಕುಣಿಯುತ್ತಿದ್ದರೆ ಸೆನ್ಸರ್ ಹೋಗಿದೆ. ತಟ್ಟೆ ತಣ್ಣಗಾದದ್ದು ಯಂತ್ರಕ್ಕೆ ತಿಳಿಯದೆ ಐಸ್ ಹಾಗೆಯೇ ತಟ್ಟೆಯಲ್ಲಿ ಕೂತಿರುತ್ತದೆ. ನನ್ನದು ಸರಿಯಿತ್ತು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಆರೂಕಾಲಕ್ಕೆ ಬುಟ್ಟಿಗೆ ಐಸ್ ಬಿದ್ದ ಸದ್ದು ಕೇಳಿದಾಗ ಆದ ನೆಮ್ಮದಿಯನ್ನು ಬರೆದು ತಿಳಿಸಲಾರೆ. ತುಂಡುಗಳು ಪೂರ್ತಿ ದಪ್ಪ. ಮೊದಲ ಎರಡು ಬುಟ್ಟಿಯ ಐಸನ್ನು ಚೆಲ್ಲಿದೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಅದರಲ್ಲಿ ಹೋಗುತ್ತದೆ. ಟ್ಯೂಬಿನ ಬಾಯಿಗೆ ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ಟಾರ್ಚು ಹಾಕಿ ನೋಡಿದೆ, ಬಿರಡೆ ಮತ್ತೆ ಕಟ್ಟಲಿಲ್ಲ. ಮೆಕ್ಯಾನಿಕ್ಕಿನ ಸಂಭಾವನೆ, ತಪ್ಪಿದ ಕೊರಿಯರು, ಮೀಟರು ಎಲ್ಲ ಸೇರಿ ಒಟ್ಟು ಖರ್ಚು 9,220 ರೂಪಾಯಿ. ಅಸೆಂಬ್ಲಿಯ ಬೆಲೆಗೆ ಹತ್ತಿರವೇ.

ಕೆಲಸಕ್ಕೆ ಕೈಹಾಕುವ ಮೊದಲು ಟ್ಯಾಂಕನ್ನೂ ನೋಡಿ. ನೀರಿನಲ್ಲಿ ಕರಗಿದ ಕಬ್ಬಿಣ ನೂಲಿನ ಫಿಲ್ಟರಿನಲ್ಲಿ ನಿಲ್ಲುವುದಿಲ್ಲ. ಟ್ಯಾಂಕಿನಲ್ಲಿ ಗಾಳಿ ತಾಗಿ ಕೆಂಪಾಗಿ ತಳಕ್ಕೆ ಇಳಿದ ಮೇಲೆಯೇ ಅದನ್ನು ತಡೆಯಲು ಸಾಧ್ಯ. ಆದ್ದರಿಂದ ಫ್ರಿಜ್ಜಿಗೆ ಹೋಗುವ ಪೈಪು ಟ್ಯಾಂಕಿನ ತಳದಿಂದ ಮೂರು ನಾಲ್ಕು ಇಂಚು ಮೇಲೆ ಇರಲಿ, ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಳ ತೊಳೆಯಿರಿ. ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರು ಬಳಸುವವರೂ ಪೇರಳೆ ಎಲೆಯ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ತಿಳಿಯಾಗಿ ಕಂಡ ಮಾತ್ರಕ್ಕೆ ಕಬ್ಬಿಣವಿಲ್ಲ ಎಂದಾಗುವುದಿಲ್ಲ. ನೂಲಿನ ಕಾಟ್ರಿಜ್ಜನ್ನು ನಾನು ಹಾಕಿದ ಐದನೆಯ ವಾರ ತೆಗೆದು ನೋಡಿದೆ. ಹೊರಗಿನಿಂದ ಒಳಕ್ಕೆ ಅರ್ಧ ದಪ್ಪದವರೆಗೆ ಇಟ್ಟಿಗೆಯ ಬಣ್ಣ ಹತ್ತಿತ್ತು. ಮಳೆಗಾಲದಲ್ಲಿ ಎರಡು ತಿಂಗಳಿಗೊಂದು, ಉಳಿದ ಕಾಲದಲ್ಲಿ ನಾಲ್ಕು ತಿಂಗಳಿಗೊಂದು ಎಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಹಾಕಿದ ತಾರೀಕನ್ನು ಡಬ್ಬದ ಮೇಲೆ ಅಳಿಸದ ಪೆನ್ನಿನಲ್ಲಿ ಬರೆದಿದ್ದೇನೆ, ಫ್ರಿಜ್ಜಿನ ಹಿಂದಿನ ಫಿಲ್ಟರಿನ ಮೇಲೂ.